ಆ ಕ್ಯಾಮೆರಾ ಇಷ್ಟು ಮಳೆಗಾಲ ಎಲ್ಲಿತ್ತು?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನಲ್ಲಿ ಪ್ರೌಢಶಾಲೆ ಶಿಕ್ಷಕ. ಮನೆಯ ಹಿರಿಯರ ಮುಖಗಳು, ಯಕ್ಷಗಾನದ ಚೌಕಿ, ನಮ್ಮ ಕಡೆಯ ಅಡಿಕೆ ಕೊನೆ ಕೊಯ್ಲು, ಇವನ್ನೆಲ್ಲ ಫಿಲ್ಮ್ ರೀಲಿನಲ್ಲಿ, ಅದೂ ಕಪ್ಪುಬಿಳುಪಿನಲ್ಲಿ ತೆಗೆಯಬೇಕೆಂಬ ಆಸೆ. ಎರಡು ನೋಟಗಳನ್ನು ಒಂದಾಗಿಸಿ ಫೋಕಸ್ ಮಾಡುವ ರೇಂಜ್‌ಫೈಂಡರ್ ಕ್ಯಾಮೆರಾವೇ ಬೇಕು. ಶಿವಮೊಗ್ಗದ ಹಳೆಯ ಸ್ಟುಡಿಯೋ ಒಂದರಲ್ಲಿ ಯಾಷಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಇದೆ, ಆರು ಸಾವಿರ ಹೇಳುತ್ತಿದ್ದಾರೆ. ಆನ್‌ಲೈನ್‌ನಲ್ಲಿ ಒಬ್ಬರು ‘ಎರಡನೇ ಮಹಾಯುದ್ಧದ ಕಾಲದ ಲೈಕಾ’ ಎಂದು ಹದಿನೆಂಟು ಸಾವಿರಕ್ಕೆ ಮಾರಾಟಕ್ಕೆ ಇಟ್ಟಿದ್ದಾರೆ. ಯಾವುದನ್ನು ಕೊಳ್ಳಲಿ? ಕೊಳ್ಳುವಾಗ ಏನು ನೋಡಬೇಕು? ನಮ್ಮ ಮಳೆಗೆ ಇಂಥ ಕ್ಯಾಮೆರಾ ತಡೆಯುತ್ತದೆಯೇ?

ಉತ್ತರ: ಆ ‘ಲೈಕಾ’ವನ್ನು ಮೊದಲು ಬದಿಗಿಡೋಣ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀವು ಕಳಿಸಿದ ಚಿತ್ರದಲ್ಲಿ ಕ್ಯಾಮೆರಾದ ನೆತ್ತಿಯ ಮೇಲೆ ಜರ್ಮನ್ ಸೇನೆಯ ಮುದ್ರೆ ಇದೆ, ಮೈಗೆ ಚಿನ್ನದ ಬಣ್ಣದ ಲೇಪ ಇದೆ. ಇಂಥವು ಹತ್ತರಲ್ಲಿ ಹತ್ತೂ ಸೋವಿಯತ್ ಒಕ್ಕೂಟದ ಫೆಡ್ ಇಲ್ಲವೇ ಜೋರ್ಕಿ ಕ್ಯಾಮೆರಾಗಳು. ಮೇಲಿನ ಹೆಸರನ್ನು ಅಳಿಸಿ ಲೈಕಾ ಎಂದು ಕೆತ್ತಿರುತ್ತಾರೆ. ಫೆಡ್ 1934ರಿಂದ ಖಾರ್ಕಿವ್‌ನಲ್ಲಿ, ಜೋರ್ಕಿ 1948ರಿಂದ ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್‌ನಲ್ಲಿ ತಯಾರಾದವು. ಎರಡೂ ಲೈಕಾ 2ರ ನಕಲಾಗಿಯೇ ಹುಟ್ಟಿದ್ದರಿಂದ ಹೊರಗಿನಿಂದ ನೋಡಿದರೆ ಗುರುತು ಸಿಗುವುದಿಲ್ಲ. ಲೆನ್ಸ್ ತಿರುಗಿಸಿ ತೆಗೆದು ಒಳಗೆ ಮೇಲ್ಭಾಗದಲ್ಲಿರುವ ರೇಂಜ್‌ಫೈಂಡರ್ ಕೈಯನ್ನು ನೋಡಿದರೆ ಗೊತ್ತಾಗುತ್ತದೆ. ಅಸಲಿ ಲೈಕಾದಲ್ಲಿ ಅದರ ತುದಿಗೆ ಉರುಳುವ ದುಂಡು ಗಾಲಿ ಇರುತ್ತದೆ, ಈ ನಕಲುಗಳಲ್ಲಿ ಮೂರು ಮೂಲೆಯ ಬೆಣೆಯಂಥ ತುಂಡು. ಮಾರುವವರನ್ನು ಆ ಒಂದು ಚಿತ್ರ ಕಳಿಸಿ ಎಂದು ಕೇಳಿ, ಉತ್ತರ ಬರುತ್ತದೋ ಇಲ್ಲವೋ ನೋಡಿ.

ಜೋರ್ಕಿಯನ್ನು ಜೋರ್ಕಿ ಎಂದೇ, ಅದರ ಬೆಲೆಗೇ ಕೊಂಡರೆ ತಪ್ಪಿಲ್ಲ. ಜುಪಿಟರ್ 8 ಲೆನ್ಸಿನ ಜೋರ್ಕಿ 4 ಒಳ್ಳೆಯ ಚಿತ್ರ ಕೊಡುವ ಕ್ಯಾಮೆರಾ, ಅದಕ್ಕೆ ಸೆಲ್ ಕೂಡ ಬೇಡ. ಆದರೆ ಶಟರ್ (ರೀಲಿಗೆ ಬೆಳಕು ಬಿಡುವ ಬಾಗಿಲು) ಏರಿಸಿದ ಮೇಲೆಯೇ ವೇಗದ ಗುಂಡಿ ತಿರುಗಿಸಬೇಕು. ಏರಿಸದೆ ತಿರುಗಿಸಿದರೆ ಒಳಗಿನ ಭಾಗ ಕೆಡುತ್ತದೆ. ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರಾದರೂ ಇದನ್ನು ತಿಳಿಯದೆ ತಿರುಗಿಸಿರುತ್ತಾರೆ. ಬಟ್ಟೆಯ ಪರದೆಯ ಶಟರ್ ಬೇರೆ. ರೇಂಜ್‌ಫೈಂಡರಿನಲ್ಲಿ ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಂತೆ ಕನ್ನಡಿ ಅಡ್ಡ ಇರುವುದಿಲ್ಲವಾದ್ದರಿಂದ ಮುಚ್ಚಳ ಹಾಕದೆ ಬಿಸಿಲಿನಲ್ಲಿಟ್ಟರೆ ಸೂರ್ಯನ ಬೆಳಕು ಲೆನ್ಸಿನ ಮೂಲಕ ನೇರ ಆ ಬಟ್ಟೆಯ ಮೇಲೆ ಬಿದ್ದು ಸಣ್ಣ ತೂತು ಸುಡುತ್ತದೆ. ಮೊದಲ ಕ್ಯಾಮೆರಾಕ್ಕೆ ಇಷ್ಟೆಲ್ಲ ತಲೆನೋವು ಬೇಡ.

ಇನ್ನು ಸ್ಟುಡಿಯೋದ ಎಲೆಕ್ಟ್ರೋ. ಕೈಯಲ್ಲಿ ಹಿಡಿದು, ಏರಿಸಿ, ಒತ್ತಿ, ಕಿವಿಗೆ ಹಿಡಿದು ನೋಡಿ ಕೊಳ್ಳುವ ಅವಕಾಶ ನಿಮಗಿದೆ. ಹಳೆಯ ಕ್ಯಾಮೆರಾ ಕೊಳ್ಳುವವರಿಗೆ ಅದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಅದರ ಇನ್ನೊಂದು ಮುಖವೂ ಇದೆ: ಅದು ಹತ್ತಾರು ಮಳೆಗಾಲಗಳನ್ನು ಇಲ್ಲಿಯೇ ಕಳೆದಿದೆ. ಹಾಗಾಗಿ ಸ್ಟುಡಿಯೋದ ಯಜಮಾನರನ್ನು ಬೆಲೆ ಕೇಳುವ ಮುಂಚೆ ಇದು ಇಷ್ಟು ವರ್ಷ ಎಲ್ಲಿತ್ತು ಎಂದು ಕೇಳಿ. ಹಿಂದೆ ಎಚ್ಚರದ ಸ್ಟುಡಿಯೋದವರು ಕ್ಯಾಮೆರಾ ಇಡುವ ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿಡುತ್ತಿದ್ದರು, ಅದರ ಕಾವಿಗೆ ತೇವ ನಿಲ್ಲುತ್ತಿರಲಿಲ್ಲ. ಅಂಥ ಬೀರುವಿನಿಂದ ಬಂದದ್ದಾದರೆ ಅರ್ಧ ಚಿಂತೆ ಕಳೆಯಿತು. ಚರ್ಮದ ಕವರಿನೊಳಗೇ ಟ್ರಂಕಿನಲ್ಲೋ ಅಟ್ಟದ ಮೇಲೋ ಇತ್ತು ಎಂದರೆ ಬಹಳ ಹುಷಾರಾಗಿ ನೋಡಬೇಕು. ನನ್ನ ಮೇಜಿಗೆ ರಿಪೇರಿಗೆ ಬರುವ ಕ್ಯಾಮೆರಾಗಳಲ್ಲಿ ಬಿದ್ದು ಒಡೆದವು ಕಡಿಮೆ. ಬಹುಪಾಲು ಮುಟ್ಟದೆ ಇಟ್ಟೇ ಕೆಟ್ಟವು, ಅವುಗಳಲ್ಲಿ ಹೆಚ್ಚಿನವು ಚರ್ಮದ ಕವರಿನಲ್ಲಿ ಇದ್ದವು. ಆ ಚರ್ಮ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ, ಬೂಷ್ಟು ಮೊದಲು ಹುಟ್ಟುವುದೂ ಅದರ ಒಳಮೈಯಲ್ಲೇ.

ನೋಡುವ ಕ್ರಮ ಹೇಳುತ್ತೇನೆ. ಫೋನಿನ ಟಾರ್ಚು, ಎಲ್‌ಆರ್ 44 ಗುಂಡಿ ಸೆಲ್ ನಾಲ್ಕು, ಒಂದು ಅಳತೆ ಟೇಪು, ಒಂದು ತುಂಡು ಟ್ರೇಸಿಂಗ್ ಪೇಪರ್ ಜೊತೆಗಿರಲಿ.

ಲೆನ್ಸಿನಿಂದ ಶುರು ಮಾಡಿ. ಹಿಂಬದಿಯ ಬಾಗಿಲು ತೆರೆದು, ಶಟರನ್ನು ಬಿ ಗುರುತಿಗೆ ತಂದು, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು, ಗುಂಡಿ ಒತ್ತಿ ಹಿಡಿಯಿರಿ. ಹಿಂದಿನಿಂದ ಟಾರ್ಚು ಬಿಟ್ಟು ಮುಂದಿನಿಂದ ನೋಡಿ. ನೇರವಾಗಿ ಬೇಡ, ಸ್ವಲ್ಪ ಓರೆಯಾಗಿ. ಆಮೇಲೆ ಟಾರ್ಚು ಮುಂದಿಟ್ಟು ಹಿಂದಿನಿಂದ ನೋಡಿ. ಚುಕ್ಕಿ ಚುಕ್ಕಿ ಧೂಳು ಕಂಡರೆ ಗಾಬರಿ ಬೇಡ, ಐವತ್ತು ವರ್ಷದ ಲೆನ್ಸಿನಲ್ಲಿ ಧೂಳಿಲ್ಲದಿದ್ದರೇ ಆಶ್ಚರ್ಯ. ಜೇಡನ ಎಳೆಯಂತೆ ಕವಲೊಡೆದ ಬಿಳಿ ಗೆರೆಗಳು ಕಂಡರೆ ಅದು ಫಂಗಸ್. ಗಾಜಿನ ಮೇಲೆ ಉಸಿರು ಬಿಟ್ಟಂತೆ ಮಂಕು ಕವಿದಿದ್ದರೆ ಒಳಗಿನ ಎಣ್ಣೆಯ ಆವಿ ಕೂತಿದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಉಂಗುರ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಡುತ್ತಿದೆ. ಅದಕ್ಕೆ ಸುಲಭದ ರಿಪೇರಿ ಇಲ್ಲ, ಆ ಕ್ಯಾಮೆರಾವನ್ನು ಅಲ್ಲೇ ಬಿಟ್ಟುಬನ್ನಿ.

ಫಂಗಸ್ ಇದ್ದರೆ ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರದಲ್ಲಿ ಅದು ಕಾಣುವುದಿಲ್ಲ. ನಡುವಿನಲ್ಲಿ ಹರಡಿದ್ದರೆ ಬೆಳಕಿಗೆ ಎದುರು ತೆಗೆದ ಚಿತ್ರಗಳು ಮಂಜು ಮಂಜಾಗುತ್ತವೆ. ಆದರೆ ಫಂಗಸ್ ಬರೀ ಕೊಳೆಯಲ್ಲ, ಜೀವ ಇರುವ ವಸ್ತು. ಅದು ಬೆಳೆಯುತ್ತ ಆಮ್ಲ ಬಿಡುತ್ತದೆ, ಆ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಬೇಗ ಸಿಕ್ಕರೆ ಒರೆಸಿದಾಗ ಹೋಗುತ್ತದೆ. ತಡವಾದರೆ ಫಂಗಸ್ ಹೋದರೂ ಅದರ ಅಚ್ಚು ಗಾಜಿನಲ್ಲಿ ಉಳಿಯುತ್ತದೆ. ಮೊದಲ ಮತ್ತು ಕೊನೆಯ ಗಾಜಿನ ಹೊರಮೈಯಲ್ಲಿದ್ದರೆ ತೆಗೆಯಬಹುದು. ನಡುವಿನ ಗಾಜುಗಳಲ್ಲಿದ್ದರೆ ಲೆನ್ಸ್ ಬಿಚ್ಚಬೇಕು, ಬಿಚ್ಚಿ ಜೋಡಿಸಿದ ಮೇಲೆ ಫೋಕಸ್ ಸರಿಮಾಡಬೇಕು. ಆ ಖರ್ಚಿನಲ್ಲಿ ಕೆಲವೊಮ್ಮೆ ಇನ್ನೊಂದು ಕ್ಯಾಮೆರಾವೇ ಬರುತ್ತದೆ. ಬಿಸಿಲಿಗಿಟ್ಟರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಸಿಲಿಗೆ ಬೆಳವಣಿಗೆ ನಿಲ್ಲಬಹುದು, ಆದ ಗಾಯ ಮಾಯುವುದಿಲ್ಲ.

ಲೆನ್ಸ್ ನೋಡಿಯಾದ ಮೇಲೆ ರೇಂಜ್‌ಫೈಂಡರ್. ಇದರ ಕೆಲಸ ಹೀಗೆ. ಕ್ಯಾಮೆರಾದ ಮುಂಭಾಗದಲ್ಲಿ ಎರಡು ಕಿಟಕಿಗಳಿವೆ. ಒಂದರಿಂದ ನೀವು ನೇರ ನೋಡುತ್ತೀರಿ, ಇನ್ನೊಂದರಿಂದ ಬರುವ ನೋಟ ಅರ್ಧ ಪಾರದರ್ಶಕವಾದ ಕನ್ನಡಿಯ ಮೂಲಕ ಮೊದಲಿನದರ ನಡುವೆ ಸಣ್ಣ ಹಳದಿ ಚೌಕವಾಗಿ ಬೀಳುತ್ತದೆ. ಲೆನ್ಸ್ ತಿರುಗಿಸಿದಂತೆ ಆ ಚೌಕದ ನೋಟ ಅಡ್ಡಲಾಗಿ ಸರಿಯುತ್ತದೆ. ಎರಡು ನೋಟ ಒಂದರ ಮೇಲೊಂದು ಸರಿಯಾಗಿ ಕೂತಾಗ ಫೋಕಸ್ ಆಯಿತು. ನೀವು ಲೆನ್ಸಿನ ಮೂಲಕ ನೋಡುತ್ತಿಲ್ಲ ಎನ್ನುವುದನ್ನು ನೆನಪಿಡಿ: ಒಳಗಿನ ಸನ್ನೆ (ಲಿವರ್) ಅರ್ಧ ಕೂದಲಷ್ಟು ಸರಿದಿದ್ದರೂ ವ್ಯೂಫೈಂಡರಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ರೀಲು ತೊಳೆದು ಬಂದ ಮೇಲೆ ಎಲ್ಲ ಮುಖಗಳೂ ಮಸುಕು.

ಶಿವಮೊಗ್ಗದ ಗಾಂಧಿ ಬಜಾರಿನ ಓಣಿಗಳಲ್ಲಿ ನಿಂತರೆ ಈ ಪರೀಕ್ಷೆಗೆ ಬೇಕಾದಷ್ಟು ದೂರ ಕಾಣುವುದಿಲ್ಲ. ಯಜಮಾನರನ್ನು ಒಪ್ಪಿಸಿ, ಬೇಕಾದರೆ ಅವರನ್ನೇ ಜೊತೆಗೆ ಕರೆದುಕೊಂಡು ತುಂಗೆಯ ದಂಡೆಗೆ ಹೋಗಿ. ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿಟ್ಟು, ಅರ್ಧ ಕಿಲೋಮೀಟರಿಗೂ ಆಚೆಯ ಮೊಬೈಲ್ ಟವರನ್ನೋ ತೆಂಗಿನ ಮರದ ಕಾಂಡವನ್ನೋ ನೋಡಿ. ಎರಡು ಗೆರೆ ಒಂದಾಗಿ ಕಂಡರೆ ಸರಿ. ಅಕ್ಕಪಕ್ಕ ಸರಿದಿದ್ದರೆ ಹೊಂದಾಣಿಕೆ ತಪ್ಪಿದೆ. ಅದು ರಿಪೇರಿಯವರಿಗೆ ಸಣ್ಣ ಕೆಲಸ. ಒಂದು ಮೇಲೆ ಒಂದು ಕೆಳಗೆ ಕಂಡರೆ ಕ್ಯಾಮೆರಾ ಎಲ್ಲೋ ಬಿದ್ದಿದೆ. ಆಮೇಲೆ ಅಂಗಡಿಗೆ ಮರಳಿ ಟೇಪು ಹಿಡಿದು ಸರಿಯಾಗಿ ಒಂದು ಮೀಟರ್ ದೂರದ ಗೋಡೆಯ ಅಂಚಿಗೆ ಫೋಕಸ್ ಮಾಡಿ, ಲೆನ್ಸಿನ ಮೇಲಿನ ಅಂಕಿ ಒಂದು ಮೀಟರ್ ತೋರಿಸುತ್ತದೆಯೇ ನೋಡಿ. ದೂರದಲ್ಲಿ ಸರಿ ಇದ್ದು ಹತ್ತಿರದಲ್ಲಿ ತಪ್ಪುವ ಕ್ಯಾಮೆರಾಗಳೂ ಇವೆ. ನಿಮಗೆ ಹಿರಿಯರ ಮುಖಗಳು ಬೇಕು, ಹಾಗಾಗಿ ಹತ್ತಿರದ ಪರೀಕ್ಷೆಯೇ ಹೆಚ್ಚು ಮುಖ್ಯ. ಪೂರ್ತಿ ನಂಬಿಕೆ ಬರಬೇಕಾದರೆ ರೀಲು ಕೂರುವ ಜಾಗದಲ್ಲಿ ಟ್ರೇಸಿಂಗ್ ಪೇಪರನ್ನು ಬಿಗಿಯಾಗಿ ಹಿಡಿದು, ಶಟರ್ ಬಿ ಗುರುತಿನಲ್ಲಿ ತೆರೆದು, ದೂರದ ದೀಪವೊಂದರ ಬಿಂಬ ಅದರ ಮೇಲೆ ಚೂಪಾಗಿ ಬೀಳುತ್ತದೆಯೇ ನೋಡಿ.

ಹಳದಿ ಚೌಕ ಮಂಕಾಗಿದ್ದರೆ ಯಾರಾದರೂ ಮೇಲಿನ ತಗಡು ಬಿಚ್ಚಿ ಇಯರ್ ಬಡ್‌ನಿಂದ ಕನ್ನಡಿ ಒರೆಸುತ್ತೇವೆ ಎನ್ನಬಹುದು. ಖಂಡಿತ ಬಿಡಬೇಡಿ. ಆ ಕನ್ನಡಿಯ ಲೇಪ ಬಹಳ ತೆಳು, ಒಮ್ಮೆ ಒರೆಸಿದರೆ ಲೇಪವೇ ಎದ್ದುಬರುತ್ತದೆ, ಚೌಕ ಶಾಶ್ವತವಾಗಿ ಹೋಗುತ್ತದೆ. ಸ್ವಲ್ಪ ಮಾತ್ರ ಮಂಕಿದ್ದರೆ ವ್ಯೂಫೈಂಡರಿನ ಮುಂದಿನ ಗಾಜಿನ ನಡುವೆ ಸಣ್ಣ ಕಪ್ಪು ಚುಕ್ಕಿ ಟೇಪು ಅಂಟಿಸಿದರೆ ಆ ಜಾಗದ ನೇರ ನೋಟ ಕತ್ತಲಾಗಿ ಚೌಕ ಎದ್ದು ಕಾಣುತ್ತದೆ.

ಈಗ ಎಲೆಕ್ಟ್ರೋದ ಸ್ವಂತ ಕಾಯಿಲೆಗಳಿಗೆ ಬರೋಣ. 1966ರಲ್ಲಿ ಬಂದ ಈ ಸರಣಿಯಲ್ಲಿ ಜಿಎಸ್‌ಎನ್ 1973ರದು. ಲೆನ್ಸ್ 45 ಮಿ.ಮೀ., ಎಫ್ 1.7 (ಎಫ್ ಅಂಕಿ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು), ನಿಜಕ್ಕೂ ಚೆಂದದ ಲೆನ್ಸ್. ಅಪರ್ಚರನ್ನು ನೀವು ಇಡುತ್ತೀರಿ, ಶಟರ್ ವೇಗವನ್ನು ಒಳಗಿನ ಸರ್ಕ್ಯೂಟ್ ತಾನೇ ನಿರ್ಧರಿಸುತ್ತದೆ. ನಿಮ್ಮ ಕೈಗೆ ವೇಗ ಸಿಗುವುದೇ ಇಲ್ಲ. ಸೆಲ್ ಇಲ್ಲದಿದ್ದರೆ ಶಟರ್ ಸೆಕೆಂಡಿನ 500ನೇ ಒಂದು ಭಾಗದ ಒಂದೇ ವೇಗದಲ್ಲಿ ಓಡುತ್ತದೆ. ‘ಸೆಲ್ ಇಲ್ಲದೆಯೂ ಕ್ಲಿಕ್ ಆಗ್ತದೆ ನೋಡಿ’ ಎಂದು ಅಂಗಡಿಯಲ್ಲಿ ತೋರಿಸಿದರೆ ಅದರಿಂದ ಏನೂ ತಿಳಿದಂತಾಗಲಿಲ್ಲ. ಇದರ ಮೂಲ ಸೆಲ್ 5.6 ವೋಲ್ಟಿನ ಪಾದರಸದ್ದು, ಅದು ಈಗ ಬರುವುದಿಲ್ಲ. ನಾಲ್ಕು ಎಲ್‌ಆರ್ 44 ಸೆಲ್‌ಗಳನ್ನು ಒಂದರ ಮೇಲೊಂದಿಟ್ಟು ದಪ್ಪ ಕಾಗದದಲ್ಲಿ ಸುತ್ತಿ, ಉಳಿದ ಉದ್ದಕ್ಕೆ ಒಂದು ಸ್ಪ್ರಿಂಗ್ ಕೊಟ್ಟರೆ ಸಾಕು. 6 ವೋಲ್ಟ್ ಬರುತ್ತದೆ, ಆ ಸರ್ಕ್ಯೂಟ್ ಅಷ್ಟು ಹೆಚ್ಚಳವನ್ನು ತಡೆದುಕೊಳ್ಳುತ್ತದೆ.

ಸೆಲ್ ಹಾಕುವ ಮುಂಚೆ ಆ ಕೋಣೆಯ ಒಳಗನ್ನು ಟಾರ್ಚಿನಲ್ಲಿ ನೋಡಿ. ಹಸಿರು ಕಿಲುಬು ಇದ್ದರೆ ಹಳೆಯ ಸೆಲ್ ಸೋರಿದೆ, ತಂತಿಯೊಳಗೂ ಕಿಲುಬು ಹೋಗಿರಬಹುದು. ಸೆಲ್ ಹಾಕಿ ಹಿಂಬದಿಯ ಪರೀಕ್ಷಾ ಗುಂಡಿ ಒತ್ತಿದರೆ ಹಸಿರು ದೀಪ ಹತ್ತಬೇಕು. ಅಪರ್ಚರನ್ನು ಎಫ್ 16ಕ್ಕೆ ಇಟ್ಟು ಕೋಣೆಯ ಕತ್ತಲ ಮೂಲೆಗೆ ಹಿಡಿದು ಗುಂಡಿಯನ್ನು ಅರ್ಧ ಒತ್ತಿದರೆ ಹಳದಿ ದೀಪ. ಪೂರ್ತಿ ಒತ್ತಿದರೆ ಶಟರ್ ಕೆಲ ಸೆಕೆಂಡು ತೆರೆದೇ ಇರಬೇಕು. ಎಫ್ 1.7ಕ್ಕೆ ತಂದು ಹೊರಗಿನ ಬಿಸಿಲಿಗೆ ಹಿಡಿದರೆ ಕೆಂಪು ದೀಪ. ಕತ್ತಲಲ್ಲೂ ಬಿಸಿಲಲ್ಲೂ ಒಂದೇ ತೆರನಾದ ‘ಟಿಕ್’ ಬಂದರೆ ಸರ್ಕ್ಯೂಟ್ ಸತ್ತಿದೆ.

ಇನ್ನೊಂದು ಪರೀಕ್ಷೆ ಕಿವಿಯದ್ದು. ರೀಲು ಮುಂದೆ ಸರಿಸುವ ಸನ್ನೆಯನ್ನು ನಿಧಾನವಾಗಿ ಎಳೆಯಿರಿ. ಒಳಗಿನಿಂದ ‘ಠಕ್’ ಎಂಬ ಮೆಲುವಾದ ಸದ್ದು ಕೇಳಬೇಕು. ಒಳಗೆ ಒಂದು ಸಣ್ಣ ರಬ್ಬರ್ ತುಂಡಿದೆ. ಅದು ವಯಸ್ಸಾಗಿ ಪುಡಿಯಾದರೆ ಆ ಸದ್ದು ನಿಂತುಹೋಗುತ್ತದೆ, ಬೆಳಕು ಅಳೆಯುವ ಮೀಟರಿನ ಲೆಕ್ಕವೂ ಹಾಳಾಗುತ್ತದೆ. ಎಲೆಕ್ಟ್ರೋ ಪ್ರಿಯರಿಗೆಲ್ಲ ಗೊತ್ತಿರುವ ರೋಗ ಇದು. ತುಂಡು ಬದಲಿಸಬಹುದು, ಆದರೆ ಬಹಳಷ್ಟು ಬಿಚ್ಚಬೇಕಾಗುತ್ತದೆ. ಸೆಲ್ಫ್ ಟೈಮರ್ ಸನ್ನೆಯನ್ನು ಮಾತ್ರ ಪರೀಕ್ಷೆಗೂ ಮುಟ್ಟಬೇಡಿ, ಯಜಮಾನರೂ ಮುಟ್ಟದಿರಲಿ. ಎಲೆಗಳಂಥ ತೆಳು ತಗಡುಗಳಿಂದಾದ ಹಳೆಯ ಲೀಫ್ ಶಟರುಗಳಲ್ಲಿ ಅದು ನಡುವೆ ಸಿಕ್ಕಿಬಿದ್ದರೆ ಇಡೀ ಶಟರೇ ನಿಲ್ಲುತ್ತದೆ.

ಬಾಗಿಲಿನ ಅಂಚಿನ ಕಪ್ಪು ಫೋಮ್ ಬೆರಳಿಗೆ ಡಾಂಬರಿನಂತೆ ಅಂಟಿದರೆ ಅದಕ್ಕೆ ಬೆಲೆ ಕಡಿಮೆ ಮಾಡಿಸಬಹುದು, ಕ್ಯಾಮೆರಾ ಬಿಡಬೇಕಾಗಿಲ್ಲ. ಕೆರೆದು ತೆಗೆದು, ಆ ಕಾಲುವೆಯಲ್ಲಿ ಕಪ್ಪು ಉಲ್ಲನ್ ದಾರ ಕೂರಿಸಿದರೆ ಬೆಳಕು ಒಳಗೆ ಬರುವುದಿಲ್ಲ. ಒಂದು ಸಂಜೆಯ ಕೆಲಸ, ನೀವೇ ಮಾಡಬಹುದು.

ಇಷ್ಟರಲ್ಲೂ ಪಾಸಾದರೆ ಆರು ಸಾವಿರ ಹೆಚ್ಚಲ್ಲ, ಕೊಟ್ಟುಬಿಡಿ. ಮೀಟರ್ ಸತ್ತಿದ್ದರೆ ಅರ್ಧ ಬೆಲೆಗೂ ಬೇಡ, ಏಕೆಂದರೆ ಮೀಟರ್ ಇಲ್ಲದ ಎಲೆಕ್ಟ್ರೋ ಒಂದೇ ವೇಗದ ಡಬ್ಬಿ. ಬೆಲೆಯಲ್ಲಿ ಎಷ್ಟು ಇಳಿಸಿದರೂ ನಿಮ್ಮ ಹಣದಲ್ಲಿ ಮೂರನೇ ಒಂದು ಭಾಗವನ್ನು ಸರ್ವಿಸಿಗೂ ಮೊದಲ ರೀಲುಗಳಿಗೂ ಎತ್ತಿಡಿ.

ಆದರೆ ನಿಮ್ಮ ಆಸೆಯ ಪಟ್ಟಿ ನೋಡಿದರೆ ಒಂದು ಮಾತು ಹೇಳಲೇಬೇಕು. ಯಕ್ಷಗಾನಕ್ಕೆ ಎಲೆಕ್ಟ್ರೋದ ಮೀಟರ್ ಸುಲಭಕ್ಕೆ ಬಗ್ಗುವುದಿಲ್ಲ. ಅದರ ಕಣ್ಣು ಲೆನ್ಸಿನಲ್ಲಿಲ್ಲ, ಮೈಯ ಮುಂಭಾಗದಲ್ಲಿದೆ. ಎದುರಿನ ಇಡೀ ನೋಟವನ್ನು ಸರಾಸರಿ ಮಾಡುತ್ತದೆ. ರಂಗಸ್ಥಳದಲ್ಲಿ ವೇಷದ ಮೇಲೆ ಮಾತ್ರ ಬೆಳಕು, ಸುತ್ತ ಕತ್ತಲು. ಮೀಟರ್ ಆ ಕತ್ತಲನ್ನು ನೋಡಿ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಮುಖದ ಬಣ್ಣಗಾರಿಕೆಯೆಲ್ಲ ಬಿಳಿಚಿ ಹೋಗುತ್ತದೆ, ಕುಣಿತವೂ ಕಲಸುತ್ತದೆ. ಇದಕ್ಕೆ ಉಪಾಯ ಐಎಸ್‌ಒ ಗುಂಡಿಯಲ್ಲಿದೆ, ರೀಲು ಬೆಳಕಿಗೆ ಎಷ್ಟು ಚುರುಕು ಎಂದು ಕ್ಯಾಮೆರಾಕ್ಕೆ ತಿಳಿಸುವ ಗುಂಡಿ ಅದು. 400ರ ರೀಲು ಹಾಕಿ ಗುಂಡಿಯನ್ನು 800ಕ್ಕೆ ಇಟ್ಟರೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು ಕಡಿಮೆಯಾಗುತ್ತದೆ. ಜಿಎಸ್‌ಎನ್‌ನಲ್ಲಿ 1000ದವರೆಗೂ ಹೋಗಬಹುದು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಈ ತೊಂದರೆ ಕಡಿಮೆ, ಅಲ್ಲಿ ಬೆಳಕು ಸುತ್ತಲೂ ಹರಡಿರುತ್ತದೆ. ರೇಂಜ್‌ಫೈಂಡರಿನ ನಿಜವಾದ ಸೊಗಸು ಕಾಣುವುದೂ ಅಲ್ಲಿಯೇ. ಕನ್ನಡಿ ಎದ್ದು ಬೀಳುವ ಸದ್ದಿಲ್ಲ, ಅದುರಿಲ್ಲ. ಉಸಿರು ಹಿಡಿದರೆ ಸೆಕೆಂಡಿನ 30ನೇ ಭಾಗ, ಕೈ ಪಳಗಿದ ಮೇಲೆ 15ನೇ ಭಾಗದಲ್ಲೂ ಚೂಪಾದ ಚಿತ್ರ ಬರುತ್ತದೆ. ಬಣ್ಣ ಹಚ್ಚುವವರ ಗಮನ ನಿಮ್ಮ ಕಡೆ ತಿರುಗುವುದೇ ಇಲ್ಲ. ಫೋಕಸ್ ಮಾಡುವಾಗ ನೆಟ್ಟಗಿನ ಗೆರೆಯೊಂದನ್ನು ಹುಡುಕಿಕೊಳ್ಳಿ: ಕಿರೀಟದ ಅಂಚು, ಮೂಗಿನ ಪಕ್ಕ ಎಳೆದ ಬಣ್ಣದ ಗೆರೆ. ಚೌಕದ ನೋಟ ಅಡ್ಡಲಾಗಿ ಸರಿಯುವುದರಿಂದ ನೆಟ್ಟಗಿನ ಗೆರೆಯಲ್ಲೇ ಅದು ಸ್ಪಷ್ಟವಾಗಿ ಕೂರುತ್ತದೆ.

ತೋಟದಲ್ಲಿ ಕಷ್ಟ ತಿರುಗುಮುರುಗು. ಕೊನೆ ಇಳಿಸುವವರನ್ನು ಕೆಳಗಿನಿಂದ ತೆಗೆಯುವಾಗ ಸೋಗೆಗಳ ನಡುವೆ ಆಕಾಶ ಬೆಳ್ಳಗೆ ಹೊಳೆಯುತ್ತದೆ, ಮೀಟರ್ ಅದನ್ನೇ ನಂಬಿ ಮನುಷ್ಯನನ್ನು ಕಪ್ಪು ನೆರಳು ಮಾಡಿಬಿಡುತ್ತದೆ. ಆಗ ಗುಂಡಿಯನ್ನು 200ಕ್ಕೆ ಇಳಿಸಬೇಕು. ಹೀಗೆ ಪ್ರತಿ ಸಲ ಗುಂಡಿ ತಿರುಗಿಸಿ, ಮತ್ತೆ ಮರಳಿ ತರುವುದನ್ನು ಮರೆಯದಿರುವುದು ಎಲ್ಲರಿಗೂ ಆಗುವ ಕೆಲಸವಲ್ಲ. ವೇಗ, ಅಪರ್ಚರ್ ಎರಡೂ ನಿಮ್ಮ ಕೈಯಲ್ಲೇ ಇರಬೇಕು ಎನಿಸಿದರೆ ಕ್ಯಾನನ್‌ನ ಕ್ಯಾನೊನೆಟ್ ಕ್ಯೂಎಲ್ 17 ಜಿ 3 ಹುಡುಕಿ. 1972ರ ಕ್ಯಾಮೆರಾ, 40 ಮಿ.ಮೀ., ಎಫ್ 1.7 ಲೆನ್ಸ್, ಸೆಲ್ ಇಲ್ಲದೆಯೂ ಕಾಲು ಸೆಕೆಂಡಿನಿಂದ 500ನೇ ಭಾಗದವರೆಗೆ ಎಲ್ಲ ವೇಗಗಳೂ ಓಡುತ್ತವೆ. ಎಲೆಕ್ಟ್ರೋಗಿಂತ ಚಿಕ್ಕದು, ಜೇಬಿಗಲ್ಲದಿದ್ದರೂ ಹೆಗಲ ಚೀಲಕ್ಕೆ ಹಗುರ. ಮಿನೋಲ್ಟಾ ಹೈ-ಮ್ಯಾಟಿಕ್ 7ಎಸ್, ಒಲಿಂಪಸ್ 35 ಆರ್‌ಸಿ ಕೂಡ ಇದೇ ಗುಣದವು. ನನ್ನನ್ನೇ ಆರಿಸು ಎಂದರೆ, ಮಲೆನಾಡಿನ ತೇವಕ್ಕೆ ಸರ್ಕ್ಯೂಟಿನ ಕ್ಯಾಮೆರಾಕ್ಕಿಂತ ಸೆಲ್ ಇಲ್ಲದೆ ಓಡುವ ಕ್ಯಾಮೆರಾವನ್ನೇ ಆರಿಸುತ್ತೇನೆ. ಹಾಗೆಂದು ಕೈಯಲ್ಲಿ ಪರೀಕ್ಷಿಸಿ ಪಾಸಾದ ಎಲೆಕ್ಟ್ರೋವನ್ನು ಬಿಟ್ಟು, ಕಣ್ಣಿಂದ ನೋಡದ ಕ್ಯಾನೊನೆಟ್‌ಗೆ ಹಣ ಕಳಿಸು ಎಂದು ಹೇಳುವುದಿಲ್ಲ.

ಕ್ಯಾನೊನೆಟ್ ದೂರದಿಂದ ತರಿಸುವುದಾದರೆ ಮಾರುವವರಿಂದ ಮೂರು ವಿಷಯ ಕೇಳಿ: ಲೆನ್ಸಿನೊಳಗೆ ಟಾರ್ಚು ಬಿಟ್ಟ ವಿಡಿಯೋ, ಕಾಲು ಸೆಕೆಂಡಿನ ವೇಗದಲ್ಲಿ ಶಟರ್ ತೆರೆದು ಮುಚ್ಚುವ ವಿಡಿಯೋ, ಆ ಕ್ಯಾಮೆರಾದಲ್ಲಿ ಇತ್ತೀಚೆಗೆ ತೆಗೆದ ರೀಲಿನ ಚಿತ್ರಗಳು. ಎರಡನೆಯದನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ತೆಗೆಸಿದರೆ ಇನ್ನೂ ಒಳ್ಳೆಯದು. ಸೆಕೆಂಡಿಗೆ 240 ಫ್ರೇಮಿನ ವಿಡಿಯೋದಲ್ಲಿ ಕಾಲು ಸೆಕೆಂಡು ಎಂದರೆ ಸುಮಾರು 60 ಫ್ರೇಮು ಶಟರ್ ತೆರೆದಿರಬೇಕು, 30ನೇ ಭಾಗಕ್ಕೆ 8 ಫ್ರೇಮು. ಈ ಶಟರುಗಳ ಎಲೆಗಳಿಗೆ ಎಣ್ಣೆ ಇಳಿದು ಅಂಟಿಕೊಳ್ಳುವುದು ಸಾಮಾನ್ಯ, ನಿಧಾನದ ವೇಗಗಳಲ್ಲಿ ಅದು ಮೊದಲು ಗೊತ್ತಾಗುತ್ತದೆ. ಪರೀಕ್ಷೆ ಮಾಡಿಲ್ಲ, ಇದ್ದಂತೆಯೇ ಮಾರುತ್ತೇವೆ ಎಂದು ಬರೆದಿದ್ದರೆ ಕೆಟ್ಟಿದೆ ಎಂದೇ ಲೆಕ್ಕ ಹಾಕಿ. ವಿದೇಶದಿಂದಾದರೆ ಕಸ್ಟಮ್ಸ್ ಸುಂಕವನ್ನೂ ಸೇರಿಸಿ ನೋಡಿ.

ಕ್ಯಾನೊನೆಟ್‌ನ ಮೀಟರಿಗೂ ಪಾದರಸದ ಸೆಲ್ಲೇ ಬೇಕಿತ್ತು, 1.35 ವೋಲ್ಟಿನದು. ಅದೇ ಅಳತೆಯ 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರ್ ಬೆಳಕನ್ನು ಹೆಚ್ಚಾಗಿ ಓದಿ ಚಿತ್ರ ಕಪ್ಪಾಗುತ್ತದೆ. ಇದಕ್ಕೆ ಒಳ್ಳೆಯ ಬದಲಿ ಮೆಡಿಕಲ್ ಅಂಗಡಿಯಲ್ಲಿದೆ: ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಸೆಲ್, 1.4 ವೋಲ್ಟ್. ಗಾತ್ರ ಚಿಕ್ಕದಾದ್ದರಿಂದ ಸುತ್ತ ಒಂದು ರಬ್ಬರ್ ಉಂಗುರ ಕೊಡಬೇಕು. ಅಂಟು ಚೀಟಿ ಕಿತ್ತ ಮೇಲೆ ಗಾಳಿ ತಾಗಿ ಕೆಲವೇ ತಿಂಗಳಲ್ಲಿ ತೀರುತ್ತದೆ.

ಹಕ್ಕಿಗಳ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡಿ ಕ್ಯಾಮೆರಾ ಹಿಡಿದವರು ನಮ್ಮ ಕಡೆ ಬಹಳ ಜನ. ಮಂಡಗದ್ದೆಯ ಪಕ್ಷಿಧಾಮಕ್ಕೋ ಗುಡವಿಯದಕ್ಕೋ ಇದನ್ನು ಹೊತ್ತು ಹೋದರೆ ಬರಿಗೈಲಿ ಬರುತ್ತೀರಿ. ಈ ಲೆನ್ಸುಗಳು ಬದಲಾಗುವುದಿಲ್ಲ, ದೂರದ್ದು ಹತ್ತಿರ ಬರುವುದಿಲ್ಲ. ಇವು ಎಂಟು ಹತ್ತು ಅಡಿಯೊಳಗಿನ ಮನುಷ್ಯರ ಕ್ಯಾಮೆರಾ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುತ್ತದೆ, ನಿಮ್ಮ ತಾಲ್ಲೂಕಿನ ಹುಲಿಕಲ್ ಅದಕ್ಕೆ ಸರಿಗಟ್ಟುವ ಊರು. ಗಾಳಿಯ ತೇವ ಶೇಕಡ 65-70 ದಾಟಿ ಹಾಗೇ ನಿಂತರೆ ಫಂಗಸ್ ಬೆಳೆಯಲು ಸಾಕು. ಪುನರ್ವಸು, ಪುಷ್ಯ ಮಳೆಗಳಲ್ಲಿ ನಿಮ್ಮ ಜಗುಲಿಯ ಗಾಳಿಯಲ್ಲಿ ಅದಕ್ಕಿಂತ ಬಹಳ ಹೆಚ್ಚೇ ಇರುತ್ತದೆ. ಆದ್ದರಿಂದ ಕ್ಯಾಮೆರಾ ಮನೆಗೆ ಬರುವ ಮುಂಚೆ ಅದರ ಡಬ್ಬಿ ಬರಲಿ. ಮುಚ್ಚಳಕ್ಕೆ ರಬ್ಬರ್ ಬಳೆ ಇರುವ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಒಳಗೆ ಕಾಲು ಕಿಲೋದಷ್ಟು ಬಣ್ಣ ಬದಲಿಸುವ ಸಿಲಿಕಾ ಜೆಲ್, ಪಕ್ಕದಲ್ಲಿ ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಮತ್ತೆ ಹಾಕಬಹುದು. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅದರ ಹಿಟ್ಟು ಫೋಕಸ್ ಬಳೆಯೊಳಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಅಲ್ಲಿನ ಕಾವಿಗೆ ಕ್ಯಾಮೆರಾದೊಳಗಿನ ಎಣ್ಣೆ ಕರಗಿ ಶಟರ್ ಎಲೆಗಳಿಗೆ ಇಳಿಯುತ್ತದೆ, ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಚರ್ಮದ ಕವರನ್ನು ಡಬ್ಬಿಯ ಹೊರಗೇ ಇಡಿ.

ಮಳೆಗಾಲ ಮುಗಿಯುವವರೆಗೆ ಮುಟ್ಟದೆ ಇಡುವುದೂ ತಪ್ಪು. ವಾರಕ್ಕೊಮ್ಮೆ ತೆಗೆದು, ಬೆಳಕಿಗೆ ಹಿಡಿದು, ಎಲ್ಲ ವೇಗಗಳಲ್ಲೂ ನಾಲ್ಕು ಸಲ ಒತ್ತಿ, ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಡಬ್ಬಿಗಿಡಿ. ಮಳೆಯಲ್ಲಿ ಚಿತ್ರ ತೆಗೆಯಲು ಹೆದರಬೇಡಿ. ಮೋಡದ ಮಧ್ಯಾಹ್ನ ಅಡಿಕೆ ಮರಗಳ ಕೆಳಗೆ 400ರ ರೀಲಿಗೆ ಸೆಕೆಂಡಿನ 60ನೇ ಭಾಗ, ಎಫ್ 4ರ ಆಸುಪಾಸು ಬೆಳಕು ಸಿಗುತ್ತದೆ, ಆ ಬೆಳಕಿನಲ್ಲಿ ಮುಖಗಳು ಬಹಳ ಮೃದುವಾಗಿ ಬರುತ್ತವೆ. ಮನೆಗೆ ಬಂದ ಕೂಡಲೇ ಒದ್ದೆ ಕ್ಯಾಮೆರಾವನ್ನು ಡಬ್ಬಿಗೆ ಹಾಕದೆ, ಒರೆಸಿ ಒಂದೆರಡು ಗಂಟೆ ಫ್ಯಾನಿನ ಗಾಳಿಗಿಟ್ಟು ಆಮೇಲೆ ಹಾಕಿ.

ಮೊದಲ ರೀಲನ್ನು ಪರೀಕ್ಷೆಗೇ ಮೀಸಲಿಡಿ, ಅಜ್ಜಿಯ ಚಿತ್ರ ಎರಡನೆಯದರಲ್ಲಿ ಇರಲಿ. ರೀಲು ಹಾಕಿ ಸನ್ನೆ ಎಳೆದಾಗ ಎಡಗಡೆಯ ಮರುಸುತ್ತುವ ಗುಂಡಿ ತಾನೂ ತಿರುಗಬೇಕು. ತಿರುಗದಿದ್ದರೆ ರೀಲು ಹಿಡಿದಿಲ್ಲ, ಇಡೀ ದಿನ ಖಾಲಿ ಒತ್ತುತ್ತಿರುತ್ತೀರಿ. ಮುಚ್ಚಳ ತೆಗೆದಿದ್ದೀರಾ ಎಂದು ಪ್ರತಿ ಸಲ ನೋಡಿಕೊಳ್ಳಿ, ಏಕೆಂದರೆ ಲೆನ್ಸ್ ಮುಚ್ಚಿದ್ದರೂ ವ್ಯೂಫೈಂಡರಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಒಂದು ಯುವಿ ಫಿಲ್ಟರ್ ಹಾಕಿ ಮುಚ್ಚಳವನ್ನು ಮನೆಯಲ್ಲೇ ಬಿಡುವುದು ನನ್ನ ರೂಢಿ. ಎಲೆಕ್ಟ್ರೋಗೆ 55 ಮಿ.ಮೀ., ಕ್ಯಾನೊನೆಟ್‌ಗೆ 48 ಮಿ.ಮೀ. ಒಂದೇ ವಸ್ತುವನ್ನು ಪೂರ್ತಿ ತೆರೆದ ಅಪರ್ಚರಿನಲ್ಲಿ ಒಂದು ಮೀಟರ್, ಮೂರು ಮೀಟರ್, ದೂರದ ಗುಡ್ಡ ಹೀಗೆ ತೆಗೆಯಿರಿ. ಬಿಸಿಲು, ನೆರಳು, ಒಳಮನೆ ಮೂರರಲ್ಲೂ ತೆಗೆಯಿರಿ. ಯಾವ ಚಿತ್ರಕ್ಕೆ ಏನು ಇಟ್ಟಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತೊಳೆದು ಬಂದ ಮೇಲೆ ಆ ಪಟ್ಟಿ ಪಕ್ಕಕ್ಕಿಟ್ಟು ನೋಡಿದರೆ ಯಾವ ಭಾಗಕ್ಕೆ ರಿಪೇರಿ ಬೇಕೆಂದು ಸ್ಪಷ್ಟವಾಗುತ್ತದೆ.

ತೆಗೆಯದ ರೀಲುಗಳನ್ನು ಫ್ರಿಜ್ಜಿನಲ್ಲಿಡಿ, ಆದರೆ ಹೊರಗೆ ತೆಗೆದ ಕೂಡಲೇ ಡಬ್ಬಿ ಬಿಚ್ಚಬೇಡಿ. ನಮ್ಮ ಗಾಳಿಯಲ್ಲಿ ತಣ್ಣನೆಯ ರೀಲಿನ ಮೇಲೆ ಕ್ಷಣದಲ್ಲಿ ನೀರು ಕೂರುತ್ತದೆ. ಒಂದೆರಡು ಗಂಟೆ ಬಿಟ್ಟು ಬಿಚ್ಚಿ. ತೆಗೆದು ಮುಗಿದ ರೀಲನ್ನು ಮಳೆಗಾಲದಲ್ಲಿ ವಾರಗಟ್ಟಲೆ ಇಟ್ಟುಕೊಳ್ಳದೆ ಬೇಗ ತೊಳೆಸಿ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಬೆಂಗಳೂರಿನ ಲ್ಯಾಬ್‌ಗೆ ಕೊರಿಯರ್ ಮಾಡಬಹುದು. ರೀಲಿನ ಮೈಮೇಲೆ ಯಾವ ಐಎಸ್‌ಒನಲ್ಲಿ ತೆಗೆದಿದ್ದು ಎಂದು ಪೆನ್ನಿನಲ್ಲಿ ಬರೆದು, ಸಣ್ಣ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕಳಿಸಿ, ಸ್ಕ್ಯಾನ್ ಜೊತೆ ನೆಗೆಟಿವ್ ಕೂಡ ವಾಪಸು ಬೇಕು ಎಂದು ಮೊದಲೇ ತಿಳಿಸಿ.